ಎಲ್ಲರ ಹತ್ರಾನೂ ಇದೆ ಅಂದ್ರೆ ಯಾರ್ಯಾರ ಹತ್ರ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಶಿಕ್ಷಕಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಮಕ್ಕಳಿಗೆ ಸ್ಮಾರ್ಟ್‌ಫೋನ್. ಹಾಗಾಗಿ ಪರೀಕ್ಷೆ ಭಯ, ಕೈಬರಹ, ಗಣಿತದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಹೆಸರು ಬೇಡ ಅಂದವರ ಹೆಸರು ಹಾಕಿಲ್ಲ. ಹಾಕಿ ಅಂದವರದ್ದನ್ನೂ ಹಾಕಿಲ್ಲ. ಮಕ್ಕಳ ವಿಷಯ ನೋಡಿ, ನಾಳೆ ಅವರೇ ಓದಿ ಜಗಳಕ್ಕೆ ಬರುತ್ತಾರೆ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸ್. ಅವಳ ಕ್ಲಾಸಿನ ಹುಡುಗಿಯರು ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿದ್ದಾರೆ. ಹೋದ ತಿಂಗಳು ಒಬ್ಬಳ ಹುಟ್ಟುಹಬ್ಬಕ್ಕೆ ಅದರಲ್ಲೇ ಕರೆದಿದ್ದಾರೆ. ಇವಳಿಗೆ ಗೊತ್ತೇ ಆಗಲಿಲ್ಲ. ಮಾರನೇ ದಿನ ಕ್ಲಾಸಿನಲ್ಲೆಲ್ಲ ಅದೇ ಮಾತಂತೆ. ಮನೆಗೆ ಬಂದು ಬ್ಯಾಗ್ ಎಸೆದು ಅತ್ತಳು. ನನ್ನ ಓರಗಿತ್ತಿ "ನಿಮ್ದು ಯಾವ ಕಾಲ ಅಕ್ಕಾ?" ಅನ್ನುತ್ತಾಳೆ. ಅವಳು ತನ್ನ ಮಗನಿಗೆ ಎಂಟು ವರ್ಷಕ್ಕೇ ಕೊಡಿಸಿದ್ದಾಳೆ. ನಮ್ಮವರು "ಕೊಡಿಸಿಬಿಡೋಣ, ದಿನಾ ರಗಳೆ ತಪ್ಪುತ್ತೆ" ಅನ್ನುತ್ತಾರೆ. ನನಗೆ ಇಷ್ಟವಿಲ್ಲ. ಆದರೆ ನನ್ನ ಹಟದಿಂದ ಮಗು ಒಂಟಿಯಾಗುತ್ತಿದೆಯಾ ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಮಗಳ ಅಳುವಿನ ವಿಷಯ. ಅದನ್ನು ನಾಟಕ ಅಂತ ತಳ್ಳಿಹಾಕಬೇಡಿ. ಗೆಳತಿಯರೆಲ್ಲ ಸೇರಿದ ಕಡೆ ತಾನೊಬ್ಬಳು ಇರಲಿಲ್ಲ ಅನ್ನುವುದು ಹತ್ತು ವರ್ಷದ ಹುಡುಗಿಗೆ ದೊಡ್ಡ ನೋವು. ಆದರೆ ಅವಳಿಗೆ ತಪ್ಪಿದ್ದು ಹುಟ್ಟುಹಬ್ಬ. ಆ ಮಗುವಿನ ಅಮ್ಮನ ಬಳಿ ನಿಮ್ಮ ನಂಬರ್ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಇವತ್ತೇ ಅವಳ ಹತ್ತಿರದ ಗೆಳತಿಯರ ಅಮ್ಮಂದಿರ ನಂಬರ್ ತೆಗೆದುಕೊಳ್ಳಿ, ನಿಮ್ಮದು ಕೊಡಿ. "ಇವಳಿಗೆ ಫೋನ್ ಇಲ್ಲ, ಏನಾದ್ರೂ ಇದ್ರೆ ನನಗೆ ಹೇಳಿ" ಅಂತ ಹೇಳಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಮುಂದಿನ ಸಲ ನೀವೇ ಆ ಹುಡುಗಿಯರನ್ನು ಮನೆಗೆ ಕರೆಯಿರಿ. ಯಾರದ್ದೋ ಮನೆಗೆ ಕರೆಯಲಿ ಅಂತ ಕಾಯುವುದಕ್ಕಿಂತ ಅದು ಒಳ್ಳೇದು.

ಆಮೇಲೆ ಒಂದು ಹಾಳೆ ಹಿಡಿದುಕೊಂಡು ಕೂರಿ. ಹಾಜರಿ ಕರೆಯದೆ ನಾನು ಯಾವ ಮಾತನ್ನೂ ನಂಬುವವಳಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಲಾಸಿನವರ ಹೆಸರನ್ನು ಒಂದೊಂದಾಗಿ ಬರೆಯಿರಿ. ಯಾರ ಹತ್ತಿರ ಸ್ವಂತ ಫೋನ್ ಇದೆ? ಯಾರು ಅಮ್ಮನ ಫೋನಿನಿಂದ ಗ್ರೂಪ್ ಸೇರಿದ್ದಾರೆ? ಯಾರ ಹತ್ತಿರ ಇಲ್ಲವೇ ಇಲ್ಲ? ಇದನ್ನು ತನಿಖೆ ಥರ ಮಾಡಬೇಡಿ. "ಎಲ್ಲರ ಹತ್ರಾನೂ ಇದೆ" ಅನ್ನುವ ಮಗು ಸುಳ್ಳು ಹೇಳುತ್ತಿರುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಇರುವವರೇ. ಇಲ್ಲದವರು ಸುಮ್ಮನಿರುತ್ತಾರೆ. ಗ್ರೂಪಿನಲ್ಲಿ ಇಲ್ಲದವಳು ಗ್ರೂಪಿಗೆ ಬಂದು "ನಾನಿಲ್ಲ" ಅಂತ ಹೇಳುವುದಕ್ಕಾಗುತ್ತದಾ?

ದೊಡ್ಡವರದ್ದೂ ಇದೇ ಕತೆ. ನಾನು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ ಪೇರೆಂಟ್ಸ್ ಮೀಟಿಂಗ್ ಅಂದರೆ ಹೀಗಿರುತ್ತಿತ್ತು. ಒಬ್ಬೊಬ್ಬರೇ ಟೇಬಲ್ ಹತ್ತಿರ ಬರುವರು. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವರು. ಏಳುವ ಮುಂಚೆ ದನಿ ತಗ್ಗಿಸಿ, "ಮಿಸ್, ನಮಗೆ ಫೋನ್ ಕೊಡಿಸೋಕೆ ಇಷ್ಟ ಇರಲಿಲ್ಲ, ಬೇರೆಯವರೆಲ್ಲ ಕೊಡಿಸಿದ್ರು ಅಂತ..." ಅನ್ನುವರು. ಅವರು ಎದ್ದು ಹೋದರೆ ಮುಂದಿನವರದ್ದೂ ಅದೇ ಮಾತು, ಅದೇ ತಗ್ಗಿದ ದನಿ. ಇವರೆಲ್ಲ ಅಷ್ಟು ಹೊತ್ತು ಹೊರಗೆ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದವರು! ಅಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು ಯಾವ ಮಾಡೆಲ್, ಎಷ್ಟು ಸ್ಟೋರೇಜ್ ಅಂತ.

ಇದು ಯಾವುದೋ ಒಂದು ಶಾಲೆಯ ವಿಚಿತ್ರ ಅಂದುಕೊಳ್ಳಬೇಡಿ. ಡೆಬೊರಾ ಪ್ರೆಂಟಿಸ್, ಡೇಲ್ ಮಿಲ್ಲರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕುಡಿತದ ಬಗ್ಗೆ ಕೇಳಿ 1993ರಲ್ಲಿ ಅದನ್ನು ಪ್ರಕಟಿಸಿದರು. ಕ್ಯಾಂಪಸ್ಸಿನಲ್ಲಿ ಇಷ್ಟು ಕುಡಿಯುವುದು ನಿನಗೆ ಎಷ್ಟು ಸರಿ ಅನ್ನಿಸುತ್ತದೆ, ಉಳಿದವರಿಗೆ ಎಷ್ಟು ಸರಿ ಅನ್ನಿಸುತ್ತಿರಬಹುದು ಅಂತ ಎರಡು ಪ್ರಶ್ನೆ. ತಮಗೆ ಅಷ್ಟು ಸರಿ ಕಾಣುವುದಿಲ್ಲ, ಉಳಿದವರಿಗೆ ತಮ್ಮಷ್ಟು ಬೇಸರವಿಲ್ಲ ಅನ್ನುವುದು ಒಟ್ಟಾರೆ ಉತ್ತರ. ಉಳಿದವರು ಅಂದರೆ ಯಾರು? ಇವರೇ. ಫೋನ್ ವಿಷಯದಲ್ಲಿ ಅಪ್ಪ ಅಮ್ಮಂದಿರ ಸ್ಥಿತಿ ಇದಕ್ಕಿಂತ ಬೇರೆ ಅಲ್ಲ ಅಂತ ನನ್ನ ಅನಿಸಿಕೆ.

ಹಾಗಾದರೆ ಒಬ್ಬರೇ ಗಟ್ಟಿಯಾಗಿ ನಿಂತರೆ ಆಯಿತಾ? ಆಗುವುದಿಲ್ಲ. ನಿಮ್ಮ ಸಂಕಟಕ್ಕೆ ಕಾರಣವೇ ಅದು. ಐಸ್ ಹಾಕಿ ಆಟಗಾರರ ವಿಷಯ ಕೇಳಿ. ತಲೆಗೆ ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಹೆಲ್ಮೆಟ್ ಹಾಕುತ್ತಿರಲಿಲ್ಲ. ಒಬ್ಬನೇ ಹಾಕಿಕೊಂಡರೆ ಪುಕ್ಕಲ ಅನ್ನುತ್ತಾರೆ, ಆಟದಲ್ಲೂ ಸ್ವಲ್ಪ ಹಿಂದೆ ಬೀಳಬಹುದು ಅನ್ನುವ ಭಯ. ಎಲ್ಲರಿಗೂ ಒಂದೇ ನಿಯಮ ಬಂದರೆ ಹಾಕಿಕೊಳ್ಳಲು ತಯಾರಿದ್ದರು. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಥಾಮಸ್ ಶೆಲಿಂಗ್ 1973ರಲ್ಲಿ ಇದನ್ನೇ ಹಿಡಿದು ಬರೆದರು. ಉತ್ತರ ಅಮೆರಿಕದ ದೊಡ್ಡ ಲೀಗ್ 1979ರಲ್ಲಿ ನಿಯಮ ತಂದಿತು. ಹೇಗೆ ತಂದಿತು ಅನ್ನುವುದು ನನಗೆ ಬಹಳ ಇಷ್ಟ. ಹಳಬರನ್ನು ಮುಟ್ಟಲಿಲ್ಲ. ಹೊಸದಾಗಿ ಸೇರುವವರು ಹಾಕಲೇಬೇಕು ಅಂದರು, ಅಷ್ಟೇ. ಹೆಲ್ಮೆಟ್ ಇಲ್ಲದೆ ಆಡುತ್ತಿದ್ದ ಕೊನೆಯ ಆಟಗಾರ ನಿವೃತ್ತನಾದದ್ದು 1997ರಲ್ಲಿ. ಯಾರ ಜೊತೆಗೂ ಜಗಳ ಆಡದೆ ಕೆಲಸ ಮುಗಿದಿತ್ತು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ನೀವು ನಿಮ್ಮ ಓರಗಿತ್ತಿಯನ್ನು ಒಪ್ಪಿಸಲು ಹೋಗಿ ಸುಸ್ತಾಗುತ್ತಿದ್ದೀರಿ. ಬಿಟ್ಟುಬಿಡಿ. ಕೊಡಿಸಿ ಆದವರು ಅವರು. ನೀವು ಮಾತಾಡಬೇಕಾದ್ದು ಇನ್ನೂ ಕೊಡಿಸದವರ ಜೊತೆ. ಹಾಳೆಯಲ್ಲಿ ಅವರ ಹೆಸರು ಸಿಕ್ಕಿರುತ್ತದಲ್ಲ.

ಬೇರೆ ಕಡೆ ಅಪ್ಪ ಅಮ್ಮಂದಿರು ಮಾಡಿರುವುದೂ ಇದನ್ನೇ. ಐರ್ಲೆಂಡಿನ ಗ್ರೇಸ್ಟೋನ್ಸ್ ಎಂಬ ಪಟ್ಟಣದಲ್ಲಿ 2023ರಲ್ಲಿ ಎಂಟು ಪ್ರಾಥಮಿಕ ಶಾಲೆಗಳ ಪೋಷಕರ ಸಂಘಗಳು ಸೇರಿ, ಮಕ್ಕಳು ಪ್ರೌಢಶಾಲೆಗೆ ಹೋಗುವ ತನಕ ಸ್ಮಾರ್ಟ್‌ಫೋನ್ ಬೇಡ ಅಂತ ಮಾತಾಡಿಕೊಂಡವು. ಕಾನೂನಲ್ಲ, ದಂಡ ಇಲ್ಲ. ಒಪ್ಪಿದವರು ಒಪ್ಪಿದರು. ಅಮೆರಿಕದಲ್ಲಿ 2017ರಿಂದ 'ವೇಟ್ ಅಂಟಿಲ್ ಏಟ್ತ್' ಅಂತ ಒಂದು ಪ್ರತಿಜ್ಞೆ ನಡೆಯುತ್ತಿದೆ. ಎಂಟನೇ ತರಗತಿ ತನಕ ಸ್ಮಾರ್ಟ್‌ಫೋನ್ ಇಲ್ಲ ಅಂತ ಸಹಿ ಹಾಕುವುದು. ಅದೇ ಶಾಲೆಯ ಅದೇ ತರಗತಿಯ 10 ಮನೆಯವರು ಸಹಿ ಹಾಕಿದ ಮೇಲೆಯೇ ಅದು ಜಾರಿಗೆ ಬರುವುದು. ಜಾಣ ಏರ್ಪಾಡು. ಯಾರೂ ಒಬ್ಬರೇ ಮುಂದೆ ಬಂದು ನಿಲ್ಲಬೇಕಾಗಿಲ್ಲ. ಬ್ರಿಟನ್ನಿನಲ್ಲೂ 2024ರಲ್ಲಿ ಇಬ್ಬರು ಅಮ್ಮಂದಿರು ಇಂಥದ್ದೇ ಶುರು ಮಾಡಿ ದೇಶದ ತುಂಬ ಹರಡಿತು. ಶುರುವಾಗಿದ್ದು ಎಲ್ಲಿ ಅಂತೀರಿ? ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ನಗು ಬಂತು ನನಗೆ.

ನಿಮಗೆ ಹತ್ತು ಮನೆ ಬೇಕಾಗಿಲ್ಲ. ಹತ್ತು ವರ್ಷದ ಹುಡುಗಿಯ ಪ್ರಪಂಚ ಇಬ್ಬರು ಮೂವರು ಗೆಳತಿಯರು. ಅವರಲ್ಲಿ ಇಬ್ಬರ ಅಮ್ಮಂದಿರು ಸೇರಿದರೆ ಸಾಕು. ಹೀಗೆ ಕೇಳಿ: "ಇವಳು ಫೋನ್ ಕೇಳ್ತಿದ್ದಾಳೆ. ನಾವು ಇನ್ನೊಂದೆರಡು ವರ್ಷ ತಡೆಯೋಣ ಅಂತಿದ್ದೀವಿ. ನೀವೇನು ಯೋಚ್ನೆ ಮಾಡಿದ್ದೀರಿ?" ಅಷ್ಟೇ. ಫೋನಿನಿಂದ ಕಣ್ಣು ಹಾಳು, ಮೆದುಳು ಹಾಳು ಅಂತ ಭಾಷಣ ಬೇಡ. ನೀವು ಕಳಿಸುವ ಆ ಹೆದರಿಸುವ ವಿಡಿಯೊ ಅವರು ಆಗಲೇ ಮೂರು ಕಡೆಯಿಂದ ನೋಡಿರುತ್ತಾರೆ. ಪ್ರಶ್ನೆ ಕೇಳಿ ಸುಮ್ಮನಿರಿ, ಅವರು ಮಾತಾಡಲಿ.

ಯಜಮಾನರಿಗೆ ಒಂದು ಮಾತು. ರಗಳೆ ತಪ್ಪುತ್ತೆ ಅನ್ನುತ್ತಾರಲ್ಲ, ಫೋನ್ ಬಂದ ಮೇಲಿನ ಕೆಲಸಗಳನ್ನು ಯಾರು ನೋಡಿಕೊಳ್ಳುತ್ತೀರಿ ಅಂತ ಕೇಳಿ. ರಾತ್ರಿ ಫೋನ್ ಇಸಿದುಕೊಳ್ಳುವುದು, ಯಾವ ಆ್ಯಪ್ ಹಾಕಬಹುದು ಅಂತ ನೋಡುವುದು, ಗೊತ್ತಿಲ್ಲದವರ ಮೆಸೇಜ್ ಬಂದರೆ ವಿಚಾರಿಸುವುದು, ಗ್ರೂಪಿನಲ್ಲಿ ಯಾರೋ ಯಾರನ್ನೋ ಅಳಿಸಿದರೆ ಸಮಾಧಾನ ಹೇಳುವುದು. "ನಾನೇ ಮಾಡ್ತೀನಿ" ಅಂದರೆ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅಲ್ಲಿಗೆ ಮಾತು ತಣ್ಣಗಾಗುತ್ತದೆ.

ಇನ್ನು ಓರಗಿತ್ತಿ. "ಇನ್ನೂ ಟೈಮ್ ಇದೆ ಬಿಡಮ್ಮ" ಅನ್ನಿ, ಬೇರೆ ಮಾತು ತೆಗೆಯಿರಿ. ಪ್ರತೀ ಸಲ ಅದೇ ವಾಕ್ಯ. ಕಾರಣ ಕೊಟ್ಟಷ್ಟೂ ವಾದ ಬೆಳೆಯುತ್ತದೆ. ಅವಳ ಮಗನ ಬಗ್ಗೆ ಮಾತ್ರ ಒಂದಕ್ಷರ ಆಡಬೇಡಿ. ನೀವು ಕೊಡಿಸದೆ ಇರುವುದೇ ತನ್ನನ್ನು ಚುಚ್ಚಿದ ಹಾಗೆ ಅಂತ ಅವಳಿಗೆ ಆಗಲೇ ಅನ್ನಿಸಿರಬಹುದು.

ಪ್ರಶ್ನೆ: ನಮ್ಮ ಮಗನಿಗೆ ಒಂಬತ್ತು ವರ್ಷ. ಹೋದ ವರ್ಷವೇ ಫೋನ್ ಕೊಡಿಸಿದ್ದೇವೆ. ಅವನ ಗೆಳೆಯರೆಲ್ಲ ಆನ್‌ಲೈನ್ ಗೇಮ್ ಆಡುತ್ತಿದ್ದರು. ಈಗ ಅವನು ಯಾವಾಗಲೂ ಶಾರ್ಟ್ಸ್ ನೋಡುತ್ತಾ ಕೂರುತ್ತಾನೆ, ಕರೆದರೆ ರೇಗುತ್ತಾನೆ. ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವುದು ಸರಿಯಾ? ಅವನ ಗೆಳೆಯರ ಅಪ್ಪ ಅಮ್ಮ ಏನೆಂದುಕೊಳ್ಳುತ್ತಾರೆ?

ಉತ್ತರ: ಸರಿ. ಒಂಬತ್ತು ವರ್ಷದ ಮಗುವಿನ ವಿಷಯದಲ್ಲಿ ನಿರ್ಧಾರ ಬದಲಾಯಿಸಲು ಯಾರ ಪರ್ಮಿಷನ್ನೂ ಬೇಡ. ಆದರೆ ಮಾಡುವ ರೀತಿ ಇದೆ.

ಜಗಳ ಆದ ದಿನ ಕಿತ್ತುಕೊಳ್ಳಬೇಡಿ. ಮಾರ್ಕ್ಸ್ ಬಂದ ದಿನ ಅಂತೂ ಬೇಡವೇ ಬೇಡ. ಆಗ ಅದು ಶಿಕ್ಷೆ ಆಗುತ್ತದೆ. ಒಳ್ಳೆ ಮಾರ್ಕ್ಸ್ ತೆಗೆದರೆ ವಾಪಸ್ ಬರುತ್ತೆ ಅಂತ ಅವನು ಲೆಕ್ಕ ಹಾಕುತ್ತಾನೆ. ಸಮಾಧಾನದ ದಿನ ನೋಡಿ, ಇಬ್ಬರೂ ಒಟ್ಟಿಗೆ ಕೂತು ಹೇಳಿ: "ಇದು ಇನ್ಮೇಲೆ ಮನೆ ಫೋನ್." ಅವನ ಫೋನ್ ಅನ್ನುವುದು ಹೋಗಲಿ. ಹಾಲಿನಲ್ಲಿ ಒಂದು ಜಾಗ, ಅಲ್ಲೇ ಚಾರ್ಜಿಂಗ್, ಅಲ್ಲೇ ಕೂತು ಬಳಸುವುದು. ಮಲಗುವ ಕೋಣೆಗೆ ಹೋಗುವ ಹಾಗಿಲ್ಲ.

ಮೊದಲು ತೆಗೆಯಬೇಕಾದ್ದು ಆ ಚಿಕ್ಕ ಚಿಕ್ಕ ವಿಡಿಯೊಗಳ ಆ್ಯಪ್‌ಗಳನ್ನು. ಗೇಮಿಗೆ ಒಂದು ಆಟ ಮುಗಿಯಿತು ಅನ್ನುವ ಜಾಗವಾದರೂ ಇರುತ್ತದೆ, ಗೆಳೆಯನೂ ಇರುತ್ತಾನೆ. ಈ ವಿಡಿಯೊಗಳಿಗೆ ಕೊನೆಯೇ ಇಲ್ಲ, ಬೆರಳು ಆಡಿಸಿದಷ್ಟೂ ಬರುತ್ತವೆ. ದೊಡ್ಡವರಿಗೇ ಬಿಡಲಾಗುವುದಿಲ್ಲ. ಆಂಡ್ರಾಯ್ಡ್ ಫೋನ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ, ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲೇ ಸ್ಕ್ರೀನ್ ಟೈಮ್ ಇದೆ. ಎರಡೂ ದುಡ್ಡಿಲ್ಲದೆ ಸಿಗುತ್ತವೆ. ಹೊತ್ತು ಮಿತಿ ಮಾಡಬಹುದು, ನಿಮ್ಮನ್ನು ಕೇಳದೆ ಆ್ಯಪ್ ಹಾಕದ ಹಾಗೆ ತಡೆಯಬಹುದು. ಆದರೆ ಅದನ್ನು ಹಾಕಿ ನಿಶ್ಚಿಂತೆಯಾಗಬೇಡಿ. ನಿಮ್ಮ ಪಾಸ್‌ವರ್ಡ್ ಅವನಿಗೆ ಆಗಲೇ ಗೊತ್ತಿರುತ್ತದೆ. ಮೊದಲು ಅದನ್ನು ಬದಲಾಯಿಸಿ.

ಶುರುವಿನಲ್ಲಿ ಮನೆ ರಣರಂಗ ಆಗುತ್ತದೆ. ಬೋರು ಬೋರು ಅಂತ ನಿಮ್ಮ ಹಿಂದೆ ಸುತ್ತುತ್ತಾನೆ. ಬೋರಾಗಲಿ ಬಿಡಿ. ಆ ಹೊತ್ತಿನಲ್ಲಿ ನೀವು ಅವನ ಮನರಂಜನೆಗೆ ಟೊಂಕ ಕಟ್ಟಿ ನಿಲ್ಲಬೇಕಾಗಿಲ್ಲ.

ಗೆಳೆಯರ ಅಪ್ಪ ಅಮ್ಮ ಏನೆಂದುಕೊಳ್ಳುತ್ತಾರೆ ಅಂದಿರಿ. ಒಬ್ಬರಾದರೂ ಗುಟ್ಟಾಗಿ ಫೋನ್ ಮಾಡಿ "ನೀವು ಹೇಗೆ ಮಾಡಿದ್ರಿ?" ಅಂತ ಕೇಳುತ್ತಾರೆ, ನೋಡುತ್ತಿರಿ.

ಪ್ರಶ್ನೆ: ಮಗಳ ಶಾಲೆಯಲ್ಲಿ ಹೋಂವರ್ಕ್ ಎಲ್ಲ ಫೋನಿಗೇ ಬರುತ್ತದೆ. ನಾನು ಕೆಲಸದಿಂದ ಬರುವುದು ರಾತ್ರಿ. ಅಷ್ಟೊತ್ತಿಗೆ ಅವಳಿಗೆ ನಿದ್ದೆ. "ನಿನ್ನ ಹತ್ರ ಫೋನ್ ಇಲ್ವಾ?" ಅಂತ ಎಲ್ಲರ ಮುಂದೆ ಕೇಳಿದರಂತೆ. ಆರನೇ ಕ್ಲಾಸಿಗೆ ಫೋನ್ ಕಡ್ಡಾಯವಾ?

ಉತ್ತರ: ಆ ಟೀಚರ್ ಎಲ್ಲರ ಮುಂದೆ ಕೇಳಬಾರದಿತ್ತು. ಆದರೂ ಅವರ ಕಷ್ಟ ನನಗೆ ಗೊತ್ತು. ಬೋರ್ಡಿನ ಮೇಲೆ ಬರೆದು, ಎಲ್ಲರೂ ಬರೆದುಕೊಂಡರಾ ಅಂತ ಸುತ್ತಾಡಿ ನೋಡುವುದಕ್ಕಿಂತ ಒಂದು ಫೋಟೊ ತೆಗೆದು ಕಳಿಸುವುದು ಸಲೀಸು.

ಜಗಳದ ದನಿಯಲ್ಲಿ ಹೋಗಬೇಡಿ, ಕಾಗದ ಬರೆಯಿರಿ. "ನಮ್ಮ ಮನೆಯಲ್ಲಿ ಮಗಳಿಗೆ ಸ್ವಂತ ಫೋನ್ ಇಲ್ಲ. ನನ್ನ ಫೋನ್ ರಾತ್ರಿ ತನಕ ನನ್ನ ಜೊತೆ ಇರುತ್ತದೆ. ದಯವಿಟ್ಟು ಹೋಂವರ್ಕನ್ನು ಡೈರಿಯಲ್ಲೂ ಬರೆಸಿ." ಇಷ್ಟೇ ಸಾಕು. ಇದೇ ತೊಂದರೆ ಇರುವ ಇನ್ನೊಂದಿಬ್ಬರು ಪೋಷಕರ ಸಹಿಯೂ ಇದ್ದರೆ ಹೆಡ್‌ಮಾಸ್ಟರ್ ಎರಡು ಸಲ ಓದುತ್ತಾರೆ. ಕಾಗದಕ್ಕೆ ಇರುವ ಬೆಲೆ ವಾಟ್ಸ್‌ಆ್ಯಪ್ ಮೆಸೇಜಿಗೆ ಇಲ್ಲ. ಇದು ಸ್ಟಾಫ್ ರೂಮಿನ ಒಳಗಿನ ಸುದ್ದಿ, ನನ್ನ ಹೆಸರು ಹೇಳಬೇಡಿ.

ಬೇಕೇ ಬೇಕು ಅಂದರೆ ಮನೆಯಲ್ಲಿ ಒಂದು ಹಳೇ ಟ್ಯಾಬೋ ಕಂಪ್ಯೂಟರೋ ಇಡಿ. ಹೋಂವರ್ಕ್ ನೋಡಲು ಒಂದು ಪರದೆ ಬೇಕಾಗಬಹುದು. ಅದು ಅವಳ ಜೇಬಿನಲ್ಲೇ ಇರಬೇಕಾಗಿಲ್ಲ. ಪ್ರಪಂಚದಲ್ಲಿ ಶಾಲೆಗಳೇ ಈಗ ಫೋನನ್ನು ಹೊರಗಿಡುತ್ತಿವೆ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿ ಸುಮಾರು ಹದಿನೈದರ ತನಕದ ಮಕ್ಕಳು ಶಾಲೆಯಲ್ಲಿ ಫೋನ್ ಬಳಸದ ಹಾಗೆ ಮಾಡಿತು. ಕಲಿಕೆಗೆ ನೆರವಾಗುವುದಿದ್ದರೆ ಮಾತ್ರ ತಂತ್ರಜ್ಞಾನ ಬಳಸಿ ಅಂತ ಯುನೆಸ್ಕೊದ 2023ರ ವರದಿಯೂ ಹೇಳಿತು. ಒಂದು ಕಡೆ ಫೋನ್ ತರಬೇಡಿ ಅಂತ ನೋಟಿಸ್, ಇನ್ನೊಂದು ಕಡೆ ಹೋಂವರ್ಕ್ ಫೋನಿಗೆ. ಎರಡನ್ನೂ ಒಂದೇ ಶಾಲೆ ಮಾಡುವುದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ: ಎರಡು ವರ್ಷದ ಮಗು ನಮ್ಮದು. ಡಾಕ್ಟರ್ ಹತ್ತಿರ ಕಾಯುವಾಗ, ಬಸ್ಸಿನಲ್ಲಿ, ಮಗು ಅತ್ತರೆ ಸುತ್ತ ಇದ್ದವರೇ "ಫೋನ್ ಕೊಡ್ರಿ ಅತ್ಲಾಗೆ" ಅನ್ನುತ್ತಾರೆ. ಕೊಟ್ಟರೆ ಇನ್ಯಾರೋ "ಇಷ್ಟು ಚಿಕ್ಕ ಮಗೂಗೆ ಫೋನಾ?" ಅಂತ ಮುಖ ಸಿಂಡರಿಸುತ್ತಾರೆ.

ಉತ್ತರ: ಇಬ್ಬರೂ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತಾರೆ. ಚಿಂತೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆ ಆದಷ್ಟೂ ಒಳ್ಳೇದು. ಒಂದು ದಿನ ಹತ್ತು ನಿಮಿಷ ಕೊಟ್ಟಿರಿ ಅಂತ ಕೊರಗಬೇಡಿ. ಅತ್ತ ಕೂಡಲೇ ಫೋನ್ ಅನ್ನುವುದು ಮಾತ್ರ ಅಭ್ಯಾಸ ಆಗಬಾರದು. ಬ್ಯಾಗಿನಲ್ಲಿ ಒಂದು ಗೊಂಬೆ, ಒಂದು ಚಿತ್ರದ ಪುಸ್ತಕ ಇರಲಿ. ಅಷ್ಟಾಗಿಯೂ ಅತ್ತರೆ ಎತ್ತಿಕೊಂಡು ಹೊರಗೆ ಓಡಾಡಿ.

ಪ್ರಶ್ನೆ: ನನಗೆ ಎಪ್ಪತ್ತು ವರ್ಷ. ಮೊಮ್ಮಗನ ಎಂಟನೇ ಹುಟ್ಟುಹಬ್ಬಕ್ಕೆ ಆಸೆಪಟ್ಟು ಸ್ಮಾರ್ಟ್‌ಫೋನ್ ಕೊಟ್ಟೆ. ಸೊಸೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ನನ್ನ ಜೊತೆ ಮಾತೂ ಕಮ್ಮಿ ಮಾಡಿದ್ದಾಳೆ. ಪ್ರೀತಿಯಿಂದ ಕೊಟ್ಟರೆ ತಪ್ಪಾ?

ಉತ್ತರ: ಪ್ರೀತಿಯಲ್ಲಿ ತಪ್ಪಿಲ್ಲ ಯಜಮಾನರೇ. ಸೊಸೆಯನ್ನು ಒಂದು ಮಾತು ಕೇಳಿದ್ದರೆ ಬೀಗದ ತನಕ ಹೋಗುತ್ತಿರಲಿಲ್ಲ. ನೀವೇ ಹೋಗಿ "ಆ ಫೋನ್ ನನಗೇ ಇರಲಿ ಕಣಮ್ಮ, ಅವನು ದೊಡ್ಡವನಾದ ಮೇಲೆ ನೋಡೋಣ" ಅನ್ನಿ. ಅವಳ ಮುಖ ಆಗಲೇ ಅರ್ಧ ಸರಿಹೋಗುತ್ತದೆ. ಮೊಮ್ಮಗನಿಗೆ ಹೇಳಿ, ತಾತನಿಗೆ ಈ ಫೋನ್ ಬಳಸುವುದು ನೀನೇ ಕಲಿಸಬೇಕು ಅಂತ. ಸಂಜೆ ಸ್ವಲ್ಪ ಹೊತ್ತು ನಿಮ್ಮ ಪಕ್ಕದಲ್ಲಿ ಕೂರುತ್ತಾನೆ. ಅಕ್ಷರ ದೊಡ್ಡದು ಮಾಡುವುದು, ಫೋಟೊ ಹುಡುಕುವುದು, ಎಲ್ಲ ನಿಮಗಿಂತ ಬೇಗ ಅವನಿಗೆ ಬರುತ್ತದೆ. ಬಯ್ಯಿಸಿಕೊಳ್ಳಲು ಸಿದ್ಧರಾಗಿ, ಮಕ್ಕಳಿಗೆ ತಾಳ್ಮೆ ಕಮ್ಮಿ.

ಪ್ರಶ್ನೆ: ಮಿಸ್, ನನಗೆ 12 ವರ್ಷ. ಇನ್‌ಸ್ಟಾಗ್ರಾಂಗೆ 13 ಆಗಬೇಕು ಅಂತ ಅಮ್ಮ ಬಿಡುತ್ತಿಲ್ಲ. ನನ್ನ ಫ್ರೆಂಡ್ಸ್ ಎಲ್ಲ ಬೇರೆ ಹುಟ್ಟಿದ ವರ್ಷ ಹಾಕಿ ಅಕೌಂಟ್ ಮಾಡಿದ್ದಾರೆ. ಒಂದು ವರ್ಷದಲ್ಲಿ ಏನು ವ್ಯತ್ಯಾಸ ಆಗುತ್ತೆ? ಮತ್ತೆ ನಮ್ಮಪ್ಪ ರಾತ್ರಿ ಎಲ್ಲ ಫೋನ್ ನೋಡ್ತಾರೆ. ಅವರಿಗೆ ರೂಲ್ಸ್ ಇಲ್ವಾ?

ಉತ್ತರ: ಜಾಣೆ, ಒಳ್ಳೇ ಪ್ರಶ್ನೆ. ಈ 13 ಅನ್ನುವ ನಂಬರನ್ನು ಯಾವ ಡಾಕ್ಟರೂ ಹೇಳಿದ್ದಲ್ಲ. ಅಮೆರಿಕದಲ್ಲಿ 1998ರಲ್ಲಿ ಒಂದು ಕಾನೂನು ಆಯಿತು. 13 ವರ್ಷದೊಳಗಿನ ಮಕ್ಕಳ ವಿವರಗಳನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ವೆಬ್‌ಸೈಟ್‌ಗಳು ಸಂಗ್ರಹಿಸಬಾರದು ಅಂತ. ಒಪ್ಪಿಗೆ ಕೇಳುವ ತಲೆನೋವು ಬೇಡ ಅಂತ ಕಂಪನಿಗಳು 13ಕ್ಕೆ ಗೆರೆ ಎಳೆದವು. ಹಾಗಾಗಿ 13 ಆದ ದಿನ ಮ್ಯಾಜಿಕ್ ಏನೂ ಆಗುವುದಿಲ್ಲ, ನೀನು ಹೇಳಿದ್ದು ನಿಜ. ಆದರೆ ನಿನಗೆ ಖುಷಿಯಾಗದ ಸುದ್ದಿಯೂ ಇದೆ. ಆಸ್ಟ್ರೇಲಿಯ ಈಗ ಈ ಗೆರೆಯನ್ನು 16ಕ್ಕೆ ತಳ್ಳಿದೆ. 2025ರ ಡಿಸೆಂಬರ್ 10ರಿಂದ ಅಲ್ಲಿ ಅದಕ್ಕಿಂತ ಚಿಕ್ಕವರಿಗೆ ಇನ್‌ಸ್ಟಾಗ್ರಾಂ ಥರದ ಕಡೆ ಅಕೌಂಟ್ ಇಲ್ಲ. ತಪ್ಪಿದರೆ ದಂಡ ಕಂಪನಿಗೆ, ಮಕ್ಕಳಿಗಾಗಲಿ ಅಪ್ಪ ಅಮ್ಮನಿಗಾಗಲಿ ಅಲ್ಲ.

ಸುಳ್ಳು ವರ್ಷ ಹಾಕಿದರೆ ಏನಾಗುತ್ತೆ ಗೊತ್ತಾ? ಇನ್‌ಸ್ಟಾಗ್ರಾಂ 2024ರಲ್ಲಿ ಹದಿಹರೆಯದವರಿಗೆ ಬೇರೆ ಥರದ ಅಕೌಂಟ್ ತಂದಿತು. ಅದು ತಾನಾಗಿಯೇ ಪ್ರೈವೇಟ್ ಇರುತ್ತದೆ, ಗೊತ್ತಿಲ್ಲದವರು ಮೆಸೇಜ್ ಮಾಡುವುದನ್ನು ತಡೆಯುತ್ತದೆ. ನಿನ್ನ ಫ್ರೆಂಡ್ ತನಗೆ 20 ವರ್ಷ ಅಂತ ಹಾಕಿದ್ದರೆ ಆ ರಕ್ಷಣೆ ಅವಳಿಗೆ ಸಿಗುವುದಿಲ್ಲ. ಆ್ಯಪ್ ಅವಳನ್ನು ದೊಡ್ಡ ಹೆಂಗಸು ಅಂದುಕೊಂಡಿರುತ್ತದೆ. ಇದನ್ನು ಅವಳಿಗೂ ಹೇಳು.

ಅಪ್ಪನ ವಿಷಯ. ರೂಲ್ಸ್ ಇರಬೇಕು. ಜಗಳ ಆಡಬೇಡ, ಒಂದು ಹಾಳೆಯಲ್ಲಿ ಬರೆದು ಕೊಡು: ಮಲಗುವಾಗ ಮನೆಯವರ ಎಲ್ಲ ಫೋನೂ ಹಾಲಿನಲ್ಲಿ. ಕೆಳಗೆ ನಾಲ್ಕು ಗೆರೆ ಎಳೆದು ಸಹಿಗೆ ಜಾಗ ಬಿಡು. ಮೊದಲು ಅಮ್ಮನ ಸಹಿ ಹಾಕಿಸು. ಅಮ್ಮ ಹಾಕಿದ ಮೇಲೆ ಅಪ್ಪ ತಪ್ಪಿಸಿಕೊಳ್ಳುವುದು ಕಷ್ಟ. ಆಫೀಸಿನಿಂದ ಫೋನ್ ಬರುತ್ತೆ ಅಂದರೆ ರಿಂಗ್ ಜೋರಾಗಿ ಇಡಲು ಹೇಳು, ಹಾಲು ದೂರ ಏನಲ್ಲವಲ್ಲ. ಸಾಕ್ಷಿಗೆ ಈ ಪುಟ ಓದಿಸು. ಆದರೆ ಕತ್ತರಿಸಿ ಗೋಡೆಗೆ ಅಂಟಿಸಬೇಡ, ಇದರ ಹಿಂದೆ ಪದಬಂಧ ಇದೆ, ಅಮ್ಮ ಇನ್ನೂ ಬಿಡಿಸಿರುವುದಿಲ್ಲ.